‘ಲಿಮೆಸ್’ ಗೋಡೆಯಲ್ಲ ಅಂದಮೇಲೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಡ್ಯಾನ್ಯೂಬ್ ನದಿಯ ಉದ್ದಕ್ಕೂ ರೋಮನರು ಕಟ್ಟಿದ್ದ ಗಡಿ ರಕ್ಷಣೆಯ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ಪದ ‘ಲಿಮೆಸ್’, ರೋಮಿನ ಗಡಿಗೆ ವಿದ್ವಾಂಸರು ಬಳಸುವ ಲ್ಯಾಟಿನ್ ಪದ. ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ‘ಗಡಿಗೋಡೆ’ ಎಂದು ಬರೆದುಬಿಟ್ಟಿದ್ದೆ. ಓದಿದ ಮೇಷ್ಟ್ರೊಬ್ಬರು ನಕಾಶೆ, ಚಿತ್ರಗಳನ್ನೆಲ್ಲ ತಿರುವಿ ನೋಡಿ, ‘ಹೊಳೆ ಇದೆ, ಕೋಟೆಗಳಿವೆ, ಸರಿ. ಗೋಡೆ ಎಲ್ಲಿ?’ ಅಂದರು. ಹುಡುಕಿದರೆ ಡ್ಯಾನ್ಯೂಬಿನ ದಡದಲ್ಲಿ ಗೋಡೆ ಇರಲೇ ಇಲ್ಲ. ಅಂದಿನಿಂದ ಈ ಒಂದು ಪದದಲ್ಲೇ ಸಿಕ್ಕಿಕೊಂಡಿದ್ದೇನೆ. ಇದುವರೆಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ತಿದ್ದಿ, ಬೇರೆ ಪದಗಳಿದ್ದರೆ ಕೊಡಿ.

ಗೋಡೆ ಎಂಬ ಭಾವನೆ ಬಂದದ್ದು ಬೇರೆ ಕಡೆಯಿಂದ. ಬ್ರಿಟನ್ನಿನಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆ ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ರೈನ್ ಮತ್ತು ಡ್ಯಾನ್ಯೂಬ್ ನದಿಗಳ ನಡುವೆ ಸುಮಾರು 550 ಕಿಲೋಮೀಟರು ಒಣನೆಲದ ಗಡಿಯಿತ್ತು. ಅಲ್ಲಿ ಮರದ ಬೇಲಿ, ಕಂದಕ, ಒಂದು ಭಾಗದಲ್ಲಿ ಕಲ್ಲುಗೋಡೆ ಎಲ್ಲವೂ ಇದ್ದವು. ಇದನ್ನು ಅಳೆದು ದಾಖಲಿಸಲು 1892ರಲ್ಲಿ ಜರ್ಮನಿಯಲ್ಲಿ ಒಂದು ಆಯೋಗವೇ ಹುಟ್ಟಿತು. ಆ ಕೆಲಸದ ಹೆಸರು ಎಷ್ಟು ದೊಡ್ಡದಾಯಿತೆಂದರೆ, ರೋಮಿನ ಗಡಿ ಎಲ್ಲಿದ್ದರೂ, ಮರಳುಗಾಡಿನಲ್ಲಿದ್ದರೂ ಹೊಳೆಯ ಪಕ್ಕ ಇದ್ದರೂ, ವಿದ್ವಾಂಸರ ಬಾಯಲ್ಲಿ ಅದು ‘ಲಿಮೆಸ್’ ಆಯಿತು. ಯುನೆಸ್ಕೊ 2021ರಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾಗಳಲ್ಲಿ ಹಬ್ಬಿರುವ ಸುಮಾರು 600 ಕಿಲೋಮೀಟರಿನ ದಡವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ‘ಡ್ಯಾನ್ಯೂಬ್ ಲಿಮೆಸ್’ ಎಂಬ ಹೆಸರಿನಲ್ಲೇ.

ಆದರೆ ಲ್ಯಾಟಿನ್ ಆಡುತ್ತಿದ್ದವರಿಗೆ ಲಿಮೆಸ್ ಅಂದರೆ ಗೋಡೆಯಲ್ಲ. ಮೊದಲಿಗೆ ಅದು ಎರಡು ಹೊಲಗಳ ನಡುವಿನ ಹಾದಿ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ‘ಬದು’. ಬದು ಹೊಲವನ್ನು ಬೇರೆ ಮಾಡುತ್ತದೆ, ಜೊತೆಗೆ ಅದರ ಮೇಲೆ ನಡೆದೂ ಹೋಗುತ್ತೇವೆ. ಎಲ್ಲೆಯೂ ಅದೇ, ದಾರಿಯೂ ಅದೇ. ಲಿಮೆಸ್ ಕೂಡ ಹಾಗೆಯೇ. ಭೂಮಿ ಅಳೆಯುವವರ ಮಾತಾಗಿದ್ದ ಈ ಪದ ಆಮೇಲೆ ದಂಡಿನವರ ಬಾಯಿಗೆ ಬಂತು. ಚಕ್ರವರ್ತಿ ಡೊಮಿಷಿಯನ್ ಜರ್ಮನಿಯ ಕಾಡಿನಲ್ಲಿ 120 ರೋಮನ್ ಮೈಲಿಯಷ್ಟು ಲಿಮೆಸ್‌ಗಳನ್ನು ತೆಗೆಸಿ ಶತ್ರುಗಳ ಅಡಗುತಾಣಗಳನ್ನು ಬಯಲು ಮಾಡಿದನೆಂದು ರೋಮನ್ ಲೇಖಕ ಫ್ರಾಂಟಿನಸ್ ಬರೆಯುತ್ತಾನೆ. ಅಲ್ಲಿ ಲಿಮೆಸ್ ಎಂದರೆ ಕಾಡು ಕಡಿದು ತೆರೆದ ಹಾದಿ. ತಡೆಯುವ ಗೋಡೆಗೆ ಇದು ತದ್ವಿರುದ್ಧ. ಅರ್ಥದ ಬೇರು ಹುಡುಕುವವರಿಗೆ ‘ಬದು’ವಿಗಿಂತ ಹತ್ತಿರದ ಪದ ಸಿಗಲಾರದು. ಆದರೆ ‘ಡ್ಯಾನ್ಯೂಬ್ ಬದು’ ಎಂದು ಬರೆದರೆ ಮಗುವಿಗೆ ಏನು ಕಾಣುತ್ತದೆ? ಹೊಳೆದಂಡೆಯ ಗದ್ದೆ. ಹೀಗಾಗಿ ಅದನ್ನು ಮನಸ್ಸಿಲ್ಲದೆಯೇ ಬಿಟ್ಟೆ.

ನದಿಯ ಗಡಿಗೆ ರೋಮನರು ಬಳಸಿದ ಪದವೇ ಬೇರೆ, ‘ರೀಪಾ’. ಅಂದರೆ ದಡ. ಇದಕ್ಕೆ ಸಾಕ್ಷಿ ಹಂಗೇರಿಯ ಇಂದಿನ ದುನಾಉಯ್‌ವಾರೋಶ್, ರೋಮನರ ಇಂಟರ್ಕೀಸಾ ಸುತ್ತಮುತ್ತ ಸಿಕ್ಕಿರುವ ಕಲ್ಲುಗಳು. ಚಕ್ರವರ್ತಿ ಕೊಮೊಡಸ್‌ನ ಕಾಲದವು, ಕ್ರಿ.ಶ. 185ರ ಸುಮಾರಿನವು, ಒಂದೇ ಒಕ್ಕಣೆಯ ಹಲವು ಶಾಸನಗಳು. ಅದರ ಸಾರ ಇಷ್ಟು: ತಳದಿಂದ ಹೊಸದಾಗಿ ಎಬ್ಬಿಸಿದ ಬುರ್ಗುಸ್‌ಗಳಿಂದ (ಕಾವಲುಗೋಪುರಗಳಿಂದ), ಮತ್ತು ಪುಂಡುಪೋಕರಿಗಳು ಗುಟ್ಟಾಗಿ ದಾಟದಂತೆ ತಕ್ಕ ತಾವುಗಳಲ್ಲಿ ಇರಿಸಿದ ಪ್ರೈಸಿಡಿಯುಂಗಳಿಂದ (ಕಾವಲು ಠಾಣ್ಯಗಳಿಂದ) ಚಕ್ರವರ್ತಿಯು ದಡವನ್ನೆಲ್ಲ ಭದ್ರಪಡಿಸಿದನು.

ಭದ್ರಪಡಿಸಿದ್ದು ದಡವನ್ನು. ಲಿಮೆಸ್ ಎಂಬ ಮಾತು ಆ ಕಲ್ಲಿನ ಮೇಲೆ ಇಲ್ಲ. ಶತ್ರುವನ್ನು ಹೆಸರಿಸುವಾಗಲೂ ದೊಡ್ಡ ದಂಡೆತ್ತಿ ಬರುವ ಅರಸನಿಲ್ಲ, ಇರುವುದು ‘ಲತ್ರುಂಕುಲಿ’, ಅಂದರೆ ಚಿಲ್ಲರೆ ದರೋಡೆಕೋರರು. ರಾತ್ರಿ ದೋಣಿ ಹಾಕಿ ಬಂದು ದನ ಹೊಡೆದುಕೊಂಡು ಹೋಗುವವರು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ಈ ಒಂದು ಶಾಸನವೇ ನನ್ನ ‘ಗಡಿಗೋಡೆ’ಯನ್ನು ಕೆಡವಿತು. ದಂಡಿನ ಕೆಲಸ ಹೊಳೆಯನ್ನು ಮುಚ್ಚುವುದಾಗಿರಲಿಲ್ಲ, ಕಾಯುವುದಾಗಿತ್ತು. ಮುಂದೆ ದಡದ ಸೈನಿಕರಿಗೆ ‘ರಿಪೆನ್ಸೆಸ್’ ಎಂಬ ಹೆಸರೇ ಬಂತು. ದಾಕಿಯಾ ಪ್ರಾಂತ್ಯವನ್ನು ಬಿಟ್ಟು ರೋಮನರು ಹೊಳೆಯ ಈಚೆಗೆ ಬಂದಮೇಲೆ ಮಾಡಿಕೊಂಡ ಹೊಸ ಪ್ರಾಂತ್ಯದ ಹೆಸರು ‘ದಾಕಿಯಾ ರಿಪೆನ್ಸಿಸ್’, ದಡದ ದಾಕಿಯಾ.

ಆದ್ದರಿಂದ ನನ್ನ ಮೊದಲ ಸಲಹೆ ‘ದಡಗಾವಲು’. ದಡ, ಕಾವಲು ಎರಡೂ ಮಕ್ಕಳಿಗೆ ಗೊತ್ತಿರುವ ಪದಗಳು. ಆದೇಶಸಂಧಿಯಲ್ಲಿ ಕಕಾರ ಗಕಾರವಾಗುವುದೂ ‘ಕಣ್ಗಾವಲು’ ಬಲ್ಲ ಕಿವಿಗೆ ಸಹಜ. ಒಣನೆಲದ ಗಡಿ ಬಂದಾಗ ‘ಗಡಿಗಾವಲು’ ಎನ್ನಬಹುದು. ಹೀಗೆ ಲ್ಯಾಟಿನ್ನಿನ ಲಿಮೆಸ್–ರೀಪಾ ಭೇದವೂ ಉಳಿಯುತ್ತದೆ. ‘ಗಡಿರೇಖೆ’ ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ರೇಖೆ ಎಂದರೆ ನೀರಿನ ನಡುವೆ ಎಳೆದ ಗೆರೆಯಂತೆ ಕೇಳಿಸುತ್ತದೆ. ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಹೊಳೆಯಾಚೆಯ ಮಾರ್ಕೊಮನ್ನಿ ಜನರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಅವರು ಆಚೆದಡದಿಂದ 38 ಸ್ಟೇಡಿಯದಷ್ಟು, ಅಂದರೆ ಸುಮಾರು 7 ಕಿಲೋಮೀಟರು ದೂರವಿರಬೇಕಿತ್ತು. ಮೊದಲಿದ್ದ ಅಂತರ ಇದರ ಎರಡರಷ್ಟು. ವ್ಯಾಪಾರಕ್ಕೂ ಗೊತ್ತಾದ ಜಾಗ, ಗೊತ್ತಾದ ದಿನ. ಗಡಿ ಎನ್ನುವುದು ಹೊಳೆಯ ಎರಡೂ ಕಡೆ ಚಾಚಿದ ಒಂದು ಪಟ್ಟಿಯಾಗಿತ್ತು. ಚಳಿಗಾಲದಲ್ಲಂತೂ ಡ್ಯಾನ್ಯೂಬ್ ಹೆಪ್ಪುಗಟ್ಟಿದಾಗ ಹೊಳೆಯೇ ದಾರಿಯಾಗುತ್ತಿತ್ತು. ಹಾಗೊಮ್ಮೆ ಇಯಾಜಿಜೆಸ್ ಎಂಬ ಹೊಳೆಯಾಚೆಯ ಜನರ ಕುದುರೆಸವಾರರು ಮಂಜುಗಡ್ಡೆಯ ಮೇಲೆ ಎರಗಿದಾಗ, ರೋಮನ್ ಸೈನಿಕರು ಗುರಾಣಿಯನ್ನು ಕೆಳಗಿಟ್ಟು ಅದರ ಮೇಲೆ ಒಂದು ಕಾಲೂರಿ, ಜಾರದೆ ನಿಂತು ಕಾದಾಡಿದರು. ನೀರು ತಾನಾಗಿಯೇ ಕಾಪಾಡುತ್ತದೆ ಎಂದಿದ್ದರೆ ಅಷ್ಟು ಕೋಟೆಗಳು ಯಾಕೆ ಬೇಕಿತ್ತು?

ಈಗ ಬುರ್ಗುಸ್. ಇಲ್ಲಿ ನನಗೆ ತುಂಬ ಸಂತೋಷ ಕೊಟ್ಟ ಒಂದು ಸಂಗತಿಯಿದೆ. ನಮ್ಮ ‘ಬುರುಜು’ ಅರಬ್ಬಿಯ ‘ಬುರ್ಜ್’ನಿಂದ, ಪಾರಸಿಯ ಮೂಲಕ ಬಂದದ್ದು. ಆ ಬುರ್ಜ್ ಗ್ರೀಕಿನ ‘ಪುರ್ಗೋಸ್’ನಿಂದ, ನಡುವೆ ಅರಾಮಿಕ್ ದಾಟಿ ಬಂದದ್ದೆಂದು ಪದಮೂಲ ಬಲ್ಲವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಲ್ಯಾಟಿನ್ನಿನ ಬುರ್ಗುಸ್‌ಗೂ ಅದೇ ಪುರ್ಗೋಸ್ ನಂಟು ಹೇಳುತ್ತಾರೆ, ಜರ್ಮಾನಿಕ್ ನುಡಿಗಳ ‘ಬುರ್ಗ್’ ಅದಕ್ಕೆ ಬೆರೆತಿರಬಹುದು. ಹಾಗಾದರೆ ಕೊಮೊಡಸನ ಕಲ್ಲಿನಲ್ಲಿ ಕೊರೆದಿರುವ ಪದವೂ ಮುದಗಲ್ಲಿನ ಕೋಟೆ ತೋರಿಸುತ್ತ ಜನ ಆಡುವ ಪದವೂ ದಾಯಾದಿಗಳು.

ಇಷ್ಟಾದರೂ ಬುರ್ಗುಸ್‌ಗೆ ‘ಬುರುಜು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಬುರುಜು ಎಂದರೆ ಕೋಟೆಯ ಗೋಡೆಗೆ ಅಂಟಿಕೊಂಡು ಮುಂಚಾಚಿದ ಭಾಗ, ‘ಕೋಟೆ ಕೊತ್ತಲ’ದ ಕೊತ್ತಲದ ಹಾಗೆ. ಬುರ್ಗುಸ್ ಒಂಟಿ. ರೋಮಿನಲ್ಲಿರುವ ಚಕ್ರವರ್ತಿ ಟ್ರೇಜನನ ಸ್ತಂಭ ಕ್ರಿ.ಶ. 113ರದು. ಅದರ ಕೆತ್ತನೆಯ ಕಥೆ ಶುರುವಾಗುವುದೇ ಡ್ಯಾನ್ಯೂಬಿನ ದಡದ ಇಂಥ ಒಂಟಿ ಗೋಪುರಗಳಿಂದ. ಸುತ್ತ ಮರದ ಬೇಲಿ, ಮೇಲಿನ ಅಂತಸ್ತಿನಿಂದ ಹೊರಚಾಚಿದ ಪಂಜು, ಪಕ್ಕದಲ್ಲಿ ಒಟ್ಟಿದ ಸೌದೆ, ಹುಲ್ಲಿನ ಬಣವೆ. ಆ ಸೌದೆ, ಹುಲ್ಲು ಬೆಂಕಿ–ಹೊಗೆಯ ಸನ್ನೆಗಾಗಿ ಎಂದು ನೋಡಿದವರು ವಿವರಿಸುತ್ತಾರೆ. ಒಂದು ಗೋಪುರದ ಸನ್ನೆ ಇನ್ನೊಂದಕ್ಕೆ ಕಾಣಬೇಕು, ಅದರಿಂದ ಹಿಂದಿನ ದೊಡ್ಡ ದಂಡಿಗೆ ಸುದ್ದಿ ಮುಟ್ಟಬೇಕು.

ಇದಕ್ಕೆ ಉತ್ತರ ಕರ್ನಾಟಕದಲ್ಲಿ ಸಿದ್ಧವಾಗಿಯೇ ಒಂದು ಪದವಿದೆ: ‘ಹುಡೇವು’. ಕೆಲವು ಕಡೆ ‘ಹುಡೆ’. ಊರ ನಡುವೆಯೋ ಅಂಚಿನಲ್ಲೋ ಒಂಟಿಯಾಗಿ ನಿಂತ ಕಾವಲುಗೋಪುರ. ‘ಹುಡೇದ’ ಎಂಬ ಮನೆತನದ ಹೆಸರಿನಲ್ಲೂ ಈ ಪದ ಉಳಿದಿದೆ. ದಕ್ಷಿಣದ ಓದುಗರಿಗೆ ಇದು ಹೊಸದೆನಿಸಬಹುದು, ಆದರೆ ಬುರ್ಗುಸ್ ಎಂಬುದು ಅದಕ್ಕಿಂತ ಹೊಸದಲ್ಲವೇ? ಒಮ್ಮೆ ವಿವರಿಸಿ ಮುಂದೆ ‘ಹುಡೇವು’ ಎಂದೇ ಬರೆದರೆ ನಮ್ಮದೇ ಒಂದು ಪದ ಮಕ್ಕಳ ನಾಲಗೆಗೆ ಮರಳುತ್ತದೆ.

ಪ್ರೈಸಿಡಿಯುಂಗೆ ‘ಠಾಣ್ಯ’, ‘ಠಾಣೆ’ ಹೊಂದುತ್ತವೆ. ಆದರೆ ಇಂದು ಠಾಣೆ ಎಂದರೆ ಪೊಲೀಸರದೇ. ನನ್ನ ಒಲವು ‘ಉಕ್ಕಡ’ದ ಕಡೆಗೆ. ಹಳೆಯ ಕನ್ನಡದಲ್ಲಿ ಅದು ಕಾವಲಿನ ತಾಣವೂ ಹೌದು, ಸುಂಕದ ಕಟ್ಟೆಯೂ ಹೌದು. ಶ್ರೀರಂಗಪಟ್ಟಣದ ಬಳಿಯ ಆರತಿ ಉಕ್ಕಡದ ಹೆಸರಿನಲ್ಲಿ ಅದು ಇನ್ನೂ ಕೇಳಿಸುತ್ತದೆ. ಡ್ಯಾನ್ಯೂಬಿನಲ್ಲೂ ಕಾವಲು, ಸುಂಕ ಜೊತೆಜೊತೆಗೇ ನಡೆದವು. ಇಲಿರಿಕುಂ ಎಂಬ ಡ್ಯಾನ್ಯೂಬ್ ಸೀಮೆಯ ಸುಂಕದ ವ್ಯವಸ್ಥೆಯ ಕಟ್ಟೆಗಳು ಆ ಪ್ರಾಂತ್ಯಗಳಲ್ಲೆಲ್ಲ ಇದ್ದವು. ಎರಡು ಕೆಲಸವನ್ನೂ ಒಂದೇ ಪದದಲ್ಲಿ ಹಿಡಿಯುವ ಉಕ್ಕಡವನ್ನು ಬಿಟ್ಟು ‘ಚೆಕ್‌ಪೋಸ್ಟ್’ ಎಂದು ಬರೆಯುವುದು ನನ್ನಿಂದಾಗದು.

ಉಳಿದವು ಅಷ್ಟು ಕಾಡಲಿಲ್ಲ. ಲೀಜನ್, ಅಂದರೆ ರೋಮನರ ದೊಡ್ಡ ಸೇನಾಪಡೆ, ಬೀಡುಬಿಟ್ಟ ‘ಕಸ್ತ್ರ’ಕ್ಕೆ ‘ದಂಡು’ ಸಾಕು. ಬೆಂಗಳೂರಿನವರಿಗೆ ದಂಡು ಸೇನೆಯೂ ಹೌದು, ಸೇನೆ ನೆಲೆಸಿದ ಜಾಗವೂ ಹೌದು. ಕಸ್ತ್ರದ ಪಕ್ಕದಲ್ಲಿ ವ್ಯಾಪಾರಿಗಳು, ಕುಶಲಕರ್ಮಿಗಳು, ಸೈನಿಕರ ಸಂಸಾರಗಳು ಸೇರಿ ಬೆಳೆದ ‘ಕನಬೈ’ಗೆ ‘ಪೇಟೆ’. ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಮೂರೂ ಇಂಥ ದಂಡು–ಪೇಟೆಗಳ ನೆಲದ ಮೇಲೆ ನಿಂತಿವೆ. ರೇಗನ್ಸ್‌ಬುರ್ಗ್‌ನಲ್ಲಿ ಕ್ರಿ.ಶ. 179ರ ದಂಡಿನ ಹೆಬ್ಬಾಗಿಲ ಕಲ್ಲುಗಳನ್ನು ಇಂದಿಗೂ ಬೀದಿಯಲ್ಲಿ ನಿಂತು ನೋಡಬಹುದು. ಸಣ್ಣ ಪಡೆಗಳ ‘ಕಸ್ತೆಲ್ಲುಂ’ಗೆ ‘ಕಿರುಗೋಟೆ’. ಇವುಗಳಿಗೆ ‘ಜಲದುರ್ಗ’ ಸಲ್ಲದು, ಅದು ನೀರು ಸುತ್ತುವರಿದ ಕೋಟೆ. ಇವು ಒಂದು ಮಗ್ಗುಲಿಗೆ ಮಾತ್ರ ನೀರು ಇರುವಂಥವು.

ನಮ್ಮಲ್ಲಿ ಹೊಳೆಯನ್ನೇ ಗಡಿಯಾಗಿ ಕಾದ ಅನುಭವ ಕಡಿಮೆಯಲ್ಲ. ಕೃಷ್ಣೆ–ತುಂಗಭದ್ರೆಗಳ ನಡುವಿನ ನಾಡಿಗೆ ಶಾಸನಗಳಲ್ಲಿ ‘ಎಡೆದೊರೆ’ ಎಂಬ ಸೊಗಸಾದ ಹೆಸರೇ ಇದೆ. 1565ರ ಯುದ್ಧಕ್ಕೆ ಮುನ್ನ ವಿಜಯನಗರದವರು ಕೃಷ್ಣೆಯ ತೆಂಕಣ ದಡದಲ್ಲಿ, ಹೊಳೆ ದಾಟುವ ಕಡವಿಗೆ ಎದುರಾಗಿ ಮಣ್ಣಿನ ಒಡ್ಡು ಹಾಕಿ ತೋಪುಗಳನ್ನು ಇಟ್ಟಿದ್ದರೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಸುಲ್ತಾನರ ಪಡೆ ಬೇರೆ ಕಡೆ ದಾಟುವಂತೆ ದಡದುದ್ದಕ್ಕೂ ನಡೆದು, ಕಾವಲಿನವರನ್ನು ಅತ್ತ ಸೆಳೆದು, ಸರ್ರನೆ ಹಿಂದಿರುಗಿ ಅದೇ ಕಡವಿನಲ್ಲಿ ದಾಟಿಬಿಟ್ಟಿತು. ಕೊಮೊಡಸನ ಶಾಸನದ ‘ದಡವನ್ನೆಲ್ಲ’ ಎಂಬ ಮಾತಿನ ತೂಕ ನನಗೆ ಅರ್ಥವಾದದ್ದು ಈ ಘಟನೆಯನ್ನು ಮತ್ತೆ ಓದಿದಾಗ.

ನನಗೆ ಇನ್ನೂ ಸಿಗದಿರುವುದು ‘ರಿಪೆನ್ಸೆಸ್’ಗೆ ಒಂದು ಪದ. ‘ದಡಗಾವಲಿನವರು’ ಸರಿಯಾಗಿಯೇ ಇದೆ, ಆದರೆ ಉದ್ದ. ‘ತಳವಾರ’ ಊರಿನ ಕಾವಲಿಗೆ ಮೀಸಲು. ಮೈಸೂರಿನ ಸ್ಥಳೀಯ ಪಡೆಗಿದ್ದ ‘ಕಂದಾಚಾರ’ ಎಂಬ ಹೆಸರನ್ನು ಇಂದು ಬಳಸಿದರೆ ಮೂಢನಂಬಿಕೆ ಎಂದೇ ಓದಿಕೊಳ್ಳುತ್ತಾರೆ. ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆಯ ಹೊಳೆಸಾಲಿನ ಊರುಗಳವರು ಈ ಬಳಗದಲ್ಲಿ ಹಲವರಿದ್ದೀರಿ. ಕಡವು ಕಾಯುತ್ತಿದ್ದವನಿಗೆ ನಿಮ್ಮಲ್ಲಿ ಹಿರಿಯರು ಏನೆನ್ನುತ್ತಿದ್ದರು? ಅಂಬಿಗನನ್ನು ನಾನು ಕೇಳುತ್ತಿಲ್ಲ, ಯಾರು ದಾಟಬಹುದು ಯಾರು ದಾಟಬಾರದು ಎಂದು ನೋಡುತ್ತಿದ್ದವನನ್ನು ಕೇಳುತ್ತಿದ್ದೇನೆ. ಹಾಗೆಯೇ ‘ಹುಡೇವು’ ನಿಮ್ಮ ಊರಿನಲ್ಲಿ ಒಂಟಿ ಗೋಪುರಕ್ಕೆ ಮಾತ್ರ ಸಲ್ಲುತ್ತದೆಯೇ, ಅಥವಾ ಕೋಟೆಯ ಮೂಲೆಗೂ ಹೇಳುತ್ತಾರೆಯೇ ತಿಳಿಸಿ. ಮುಂದಿನ ಕರಡನ್ನು ಮೇಷ್ಟ್ರಿಗೆ ಕೊಡುವ ಮುನ್ನ ಈ ಎರಡನ್ನೂ ಖಚಿತಮಾಡಿಕೊಳ್ಳಬೇಕು.