ಸಹಾಯ ಬೇಕು: ತಲೆಬುರುಡೆ ಪತಂಗ, ಸ್ಟಿಕ್ಸೋ ಲ್ಯಾಕೆಸಿಸ್ಸೋ?

ಎಲ್ಲರಿಗೂ ನಮಸ್ಕಾರ. ಜಾಗ ಶಿರಸಿ ಹತ್ತಿರದ ಹಳ್ಳಿ, ಹಿತ್ತಿಲ ಬಲ್ಬಿನ ಕೆಳಗಿನ ಗೋಡೆ, ರಾತ್ರಿ ಒಂಬತ್ತೂವರೆ, ಮಳೆ ಹೊಳವಾದ ಮೇಲೆ. ರೆಕ್ಕೆ ಮಡಚಿ ಕೂತಾಗ ಉದ್ದ ಸುಮಾರು 5.5 ಸೆಂ.ಮೀ. ಬೆನ್ನಿನ ಮೇಲೆ ತಲೆಬುರುಡೆಯ ಗುರುತಿದೆ, ಮುಟ್ಟಿದರೆ ಇಲಿಮರಿಯ ಹಾಗೆ ಚೀಂಗುಡುತ್ತದೆ. ಹಾಗಾಗಿ ಅಕೆರೋಂಶಿಯಾ, ಅಂದರೆ ತಲೆಬುರುಡೆ ಪತಂಗಗಳ ಕುಲ ಅನ್ನುವುದರಲ್ಲಿ ಅನುಮಾನವಿಲ್ಲ. ಅದರ ಸ್ಟಿಕ್ಸ್, ಲ್ಯಾಕೆಸಿಸ್ ಪ್ರಭೇದಗಳಲ್ಲಿ ಇದು ಯಾವುದು ಎಂಬಲ್ಲಿ ಸಿಕ್ಕಿಬಿದ್ದಿದ್ದೇನೆ.

ಲ್ಯಾಕೆಸಿಸ್ ಆದರೆ ಹಿಂದಿನ ರೆಕ್ಕೆಯ ಬುಡದಲ್ಲೇ ಕಪ್ಪು ಮಚ್ಚೆ ಇರಬೇಕು. ಸ್ಟಿಕ್ಸ್‌ನಲ್ಲಿ ಬುಡ ಹಳದಿ, ಅದರಾಚೆ ಕಪ್ಪು ಪಟ್ಟಿಗಳು. ಕೂತ ಪತಂಗದಲ್ಲಿ ಇದೆಲ್ಲ ಮುಂದಿನ ರೆಕ್ಕೆಯ ಅಡಿಗೆ ಮುಚ್ಚಿಹೋಗಿರುತ್ತದೆ. ಹುಲ್ಲುಕಡ್ಡಿಯಿಂದ ಅಂಚು ಮೆಲ್ಲಗೆ ಸರಿಸಿದಾಗ ಅರೆಕ್ಷಣ ಕಂಡದ್ದು ಮೂರನೇ ಫೋಟೋ. ಎದುರಿನಿಂದ ಫ್ಲ್ಯಾಶ್ ಬಿದ್ದು ರೆಕ್ಕೆಯ ನೆರಳು ಸರಿಯಾಗಿ ಬುಡದ ಮೇಲೇ ಬಿದ್ದಿದೆ. ಅಲ್ಲಿರುವುದು ಮಚ್ಚೆಯೋ ನೆರಳೋ? ನಾಲ್ಕನೆಯದು ಪಕ್ಕದಿಂದ ಟಾರ್ಚ್ ಹಿಡಿದು ತೆಗೆದದ್ದು, ಹೊಟ್ಟೆಯ ನೀಲಿ-ಬೂದು ಪಟ್ಟಿ ಅದರಲ್ಲಿ ಚೆನ್ನಾಗಿದೆ. ಪಟ್ಟಿಯ ಅಗಲ ನೋಡಿ ಹೇಳಬಲ್ಲವರು ದಯವಿಟ್ಟು ಹೇಳಿ.

ಅದೇ ಹಿತ್ತಿಲ ಬದನೆ ಗಿಡದಲ್ಲಿ 9 ಸೆಂ.ಮೀ. ಹಸಿರು ಹುಳು ಸಿಕ್ಕಿದೆ, ಇದೇ ಕುಲದ ಮರಿಹುಳು ಇರಬೇಕು: ಪಕ್ಕದಲ್ಲಿ ಓರೆ ಪಟ್ಟೆ, ಬಾಲದಲ್ಲಿ ತರಿತರಿ ಕೊಂಬು. ಇದು ಮಣ್ಣಿನೊಳಗೆ ಕೋಶವಾಗುವ ಜಾತಿ, ಅದಕ್ಕೆ ಬಕೆಟ್ಟಿನಲ್ಲಿ 15 ಸೆಂ.ಮೀ. ಸಡಿಲ ಮಣ್ಣು ಹಾಕಿದ್ದೇನೆ. ಹಿಂಡಿದರೆ ಉಂಡೆ ನಿಲ್ಲುವಷ್ಟು ಹಸಿ ಇದೆ, ನೀರು ಜಿನುಗುವುದಿಲ್ಲ. ಸಾಕಿ ಗೊತ್ತಿದ್ದವರೇ, ಈ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಮೇಲೆ ಏನು ಮುಚ್ಚುತ್ತೀರಿ?

ಅಪಶಕುನವೆಂದು ಪೊರಕೆ ತೆಗೆದುಕೊಳ್ಳುವವರಿಗೂ ಒಂದು ಮಾತು: ಈ ಪತಂಗ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಬಲ್ಬ್ ಆರಿಸಿ ಸಾಕು.