ತಿರುವಿನಲ್ಲಿ ಟಕಟಕ, ವೇಗದಲ್ಲಿ ಗುಂಯ್ ಸದ್ದು: ಗೇರ್‌ಬಾಕ್ಸ್ ಬಿಚ್ಚಿಸಲೇಬೇಕೇ?

ಪ್ರಶ್ನೆ:
ನನ್ನದು 2008ರ ಸಣ್ಣ ಪೆಟ್ರೋಲ್ ಕಾರು. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ ಗಾಡಿ. ಈವರೆಗೆ 1,12,000 ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಆಗುಂಬೆ ಘಾಟಿ ಹತ್ತುವಾಗ, ಅಲ್ಲಿನ 14 ಹೇರ್‌ಪಿನ್ ತಿರುವುಗಳ ಪೈಕಿ ಹೆಚ್ಚಿನವುಗಳಲ್ಲಿ ಮುಂಭಾಗದಿಂದ ಟಕಟಕ ಸದ್ದು ಕೇಳಿಸಿತು. ನೇರ ರಸ್ತೆಯಲ್ಲಿ ವೇಗ 60 ದಾಟಿದರೆ ಗುಂಯ್ಗುಡುವ ಇನ್ನೊಂದು ಸದ್ದೂ ಇದೆ. ಗ್ಯಾರೇಜಿನವರು ಎರಡಕ್ಕೂ ಗೇರ್‌ಬಾಕ್ಸೇ ಕಾರಣವೆಂದು ಹೇಳಿ ಬಿಚ್ಚಲು ಒಪ್ಪಿಗೆ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ 1:
ಈಗಲೇ ಕೊಡಬೇಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಲರೇಟರ್ ಒತ್ತಿದಾಗ ಮಾತ್ರ ಬರುವ ಟಕಟಕ ಸದ್ದು ಬಹುಮಟ್ಟಿಗೆ ಆಕ್ಸಲ್‌ನ ಹೊರತುದಿಯ ಸಿವಿ ಜಾಯಿಂಟ್‌ನದು, ಅಂದರೆ ಗೇರ್‌ಬಾಕ್ಸಿನಿಂದ ಬಲ ಒಯ್ಯುವ ದಂಡವನ್ನು ಚಕ್ರಕ್ಕೆ ಜೋಡಿಸುವ, ಬಾಗಬಲ್ಲ ಕೀಲಿನದು. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಗೆ ಚಿಮ್ಮಿ, ಆ ಜಾಗಕ್ಕೆ ಕೆಸರು ನೀರು ಸೇರಿ, ಒಳಗಿನ ಗುಂಡುಗಳೂ ಅವು ಉರುಳುವ ತೋಡುಗಳೂ ಸವೆಯುತ್ತವೆ. ಮಲೆನಾಡಿನ ಮಣ್ಣುರಸ್ತೆಯಲ್ಲಿ ಓಡಾಡುವ ಹಳೆಯ ಗಾಡಿಯಲ್ಲಿ ನಾನು ಮೊದಲು ನೋಡುವುದೇ ಈ ಬೂಟನ್ನು. ಮುಂಚಕ್ರಗಳ ಒಳಮೈಯಲ್ಲಿ ಗ್ರೀಸ್ ಸಿಡಿದಿದೆಯೇ ನೋಡಿ.

ಉತ್ತರ 2:
ಗುಂಯ್ ಸದ್ದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ವಾಹನಗಳಿಲ್ಲದ ನೇರ ರಸ್ತೆಯಲ್ಲಿ 60ರ ವೇಗದಲ್ಲಿದ್ದಾಗ ಕ್ಷಣಕಾಲ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ನಿನ ವೇಗ ಇಳಿದರೂ ಸದ್ದು ಹಾಗೆಯೇ ಉಳಿದರೆ ವ್ಹೀಲ್ ಬೇರಿಂಗ್ ಅಥವಾ ಟೈರಿನ ಮೇಲೆ ಅನುಮಾನ ಹೆಚ್ಚುತ್ತದೆ. ಬಳಿಕ ಸ್ವಲ್ಪ ಬಲಕ್ಕೆ ಎಳೆದಾಗ ಭಾರ ಎಡಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗೇ ಸವೆದಿರುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದಿನ ರೀತಿಯೇ ಬದಲಾದರೆ ಟೈರನ್ನು ನೋಡಿ. ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟಾಗ ಕೇಳಿಸಿ ಒತ್ತಿದಾಗ ನಿಲ್ಲುವ ಸದ್ದಿದ್ದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಬಗ್ಗೆ ಯೋಚಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಎಡಚಕ್ರದ ಒಳಮೈ ತುಂಬ ಕಪ್ಪು ಗ್ರೀಸ್ ಮೆತ್ತಿಕೊಂಡಿದೆ, ಬೂಟ್ ಸೀಳಿದೆ. ಬಲಕ್ಕೆ ಎಳೆದಾಗ ಗುಂಯ್ ಸದ್ದೂ ಏರಿತು. ನಿಂತಾಗ ಯಾವ ಸದ್ದೂ ಇಲ್ಲ. ಬೂಟ್ ಒಂದನ್ನೇ ಬದಲಾಯಿಸಿದರೆ ಸಾಕೇ?

ಉತ್ತರ 1:
ಸದ್ದು ಶುರುವಾಗುವ ಮುಂಚೆ ನೋಡಿದ್ದರೆ ಸಾಕಾಗುತ್ತಿತ್ತು. ಈಗ ಜಾಯಿಂಟನ್ನೇ ಬದಲಾಯಿಸಬೇಕು. ಆಕ್ಸಲ್ ಹೇಗೂ ಹೊರಬರುವುದರಿಂದ ಎಡಗಡೆಯ ಬೇರಿಂಗನ್ನೂ ಅದೇ ದಿನ ಹಾಕಿಸಿದರೆ ಕೂಲಿ ಉಳಿಯುತ್ತದೆ. ಆಕ್ಸಲ್ ಎಳೆದಾಗ ಗೇರ್ ಆಯಿಲ್ ಸೋರಿಹೋಗುತ್ತದೆ, ಹೊಸದನ್ನು ಸರಿಯಾದ ಮಟ್ಟದವರೆಗೆ ತುಂಬಿದರೇ ಎಂದು ಎದುರಿಗೆ ನಿಂತು ನೋಡಿಕೊಳ್ಳಿ.