ಕಾರಿನ ಕೆಳಗೆ ಕೆಂಪು ಹನಿ: ಗೇರ್ ಬಾಕ್ಸ್ ಲೀಕ್ ಮನೆಯಲ್ಲೇ ಸರಿ ಮಾಡಿದವರು ಇದ್ದೀರಾ?

ಶಿವಮೊಗ್ಗ ಸೆಡಾನ್:
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಆಟೋಮ್ಯಾಟಿಕ್, 86,000 ಕಿ.ಮೀ. ಓಡಿದೆ. ಹದಿನೈದು ದಿನದಿಂದ ಬೆಳಿಗ್ಗೆ ಗಾಡಿ ಆಚೆ ತೆಗೆದರೆ ನೆಲದ ಮೇಲೆ ಕೆಂಪು ಎಣ್ಣೆ. ಐದು ರೂಪಾಯಿ ನಾಣ್ಯದಷ್ಟು ಅಗಲ. ಗೇರ್ ಬದಲಾಗುವುದರಲ್ಲಿ ತೊಂದರೆ ಕಾಣುತ್ತಿಲ್ಲ. ಇಲ್ಲಿನ ಒಂದು ಗ್ಯಾರೇಜಿನವರು ಕೆಳಗೆ ಬಗ್ಗಿ ಕೂಡ ನೋಡದೆ "ಬಾಕ್ಸ್ ಇಳಿಸಬೇಕು, 38,000 ಆಗುತ್ತೆ" ಅಂದರು. ಮನೆಯಲ್ಲಿ ಜಾಗ ಇದೆ, ಟೂಲ್ ಕಿಟ್ ಇದೆ, ಎರಡು ಭಾನುವಾರ ಬಿಡುವಿದೆ. ಮಾಡಿದವರು ಅನುಭವ ಹೇಳಿ.

ಸಕಲೇಶಪುರದವನು:
ಖಂಡಿತ ಮಾಡಬಹುದು ಸರ್. ನಾನು ಮಾಡಿದ್ದೇನೆ. ನನ್ನದು ಮ್ಯಾನ್ಯುವಲ್. ಎಡಗಡೆ ಚಕ್ರದ ಆಕ್ಸಲ್ ಬಂದು ಗೇರ್ ಬಾಕ್ಸಿಗೆ ಸೇರುವ ಕಡೆ ಜಿನುಗುತ್ತಿತ್ತು. ಅಲ್ಲಿ ಆಯಿಲ್ ಹೊರಗೆ ಬಾರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಅದರ ಬೆಲೆ 190 ರೂಪಾಯಿ. ಆದರೆ ಕೈಯಿಂದ ಹೋದದ್ದು 5,220. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸೀಲ್ 190, ಗೇರ್ ಆಯಿಲ್ 1,450, ತಾಮ್ರದ ವಾಷರ್ 60, ದೊಡ್ಡ ಸಾಕೆಟ್ 420, ಹಬ್ ನಟ್ 130, ಉದ್ದ ಹಿಡಿಯ ಬಾರ್ 650. ಇಲ್ಲಿಗೆ 2,900. ಇಷ್ಟಕ್ಕೇ ನಿಂತಿದ್ದರೆ ನಾನು ರಾಜ.

ಮೊದಲ ತಪ್ಪು, ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡದೆ ಕೆಳಗಿನ ಡ್ರೈನ್ ಪ್ಲಗ್ ತೆಗೆದುಬಿಟ್ಟೆ. ಆಯಿಲ್ ಎಲ್ಲ ಇಳಿಯಿತು. ಮೇಲಿನ ಪ್ಲಗ್ ಅಲ್ಲಾಡಲಿಲ್ಲ. ಬಲ ಹಾಕಿದೆ, ಮೂಲೆ ಸವೆದು ದುಂಡಗಾಯಿತು. ಗಾಡಿ ಎಂಟು ದಿನ ಹಾಗೇ ನಿಂತಿತು. ಕೊನೆಗೆ ಲೇತ್ ಅಂಗಡಿಯವರು ಮನೆಗೇ ಬಂದು ಅದರ ಮೇಲೆ ನಟ್ ವೆಲ್ಡ್ ಮಾಡಿ ತಿರುಗಿಸಿದರು. ಅವರಿಗೂ ಹೊಸ ಪ್ಲಗ್ಗಿಗೂ ಸೇರಿ 350.

ಎರಡನೆಯದು ಇನ್ನೂ ಹೊಟ್ಟೆ ಉರಿಸಿತು. ಹೊಸ ಸೀಲ್ ಹಾಕಿ ಹದಿನೈದೇ ದಿನಕ್ಕೆ ಮತ್ತೆ ಹನಿ. ಸೀಲ್ ಸರಿಯಾಗಿಯೇ ಕೂತಿತ್ತು. ಆದರೆ ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಶಾಫ್ಟ್ ಮೇಲೆ ಗೆರೆ ಬಿದ್ದಿತ್ತು. ಉಗುರು ಆಡಿಸಿದರೆ ಗೊತ್ತಾಗುವಷ್ಟು. ಹೊಸ ಸೀಲಿನ ತುಟಿಯೂ ಅದೇ ಗೆರೆಯ ಮೇಲೆ ಕೂತಿತ್ತು. ಎರಡನೇ ಸಲ ಸೀಲನ್ನು 2 ಮಿ.ಮೀ. ಒಳಗೆ ಕೂರಿಸಿದೆ. ತುಟಿ ನುಣುಪು ಜಾಗಕ್ಕೆ ಬಂತು. ಆಮೇಲೆ ಎರಡು ಮಳೆಗಾಲ ಕಳೆದಿದೆ, ಶಿರಾಡಿ ಘಾಟಿ ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕ ಇಲ್ಲ. ಒಂದು ಹನಿ ಇಲ್ಲ. ಆ ಎರಡನೇ ಸಲದ ಸೀಲ್, ಆಯಿಲ್, ವಾಷರ್, ನಟ್ ಸೇರಿ 1,830. ಹಾಸನಕ್ಕೆ ಹೋಗಿ ಬಂದ ಬಸ್ಸು 140.

ಲಿಫ್ಟ್ ಏನೂ ಬೇಡ. ಜಾಕಿ ಏರಿಸಿ ಕೆಳಗೆ ಸೈಜುಗಲ್ಲು ಕೊಟ್ಟರೆ ಸಾಕು.

ಬೆಂಗಳೂರು ದಕ್ಷಿಣ:
ಅವರದು ಆಟೋಮ್ಯಾಟಿಕ್ ಅಂತ ಬರೆದಿದ್ದಾರೆ. ನೀವು ಮ್ಯಾನ್ಯುವಲ್ ಕಥೆ ಹೇಳುತ್ತಿದ್ದೀರಿ. ಎರಡೂ ಒಂದೇ ಅಲ್ಲ. ಈ ಮಾತು ನನಗೆ 1,12,000 ರೂಪಾಯಿ ಕೊಟ್ಟ ಮೇಲೆ ಅರ್ಥವಾಯಿತು.

ನನ್ನದು ಸಿವಿಟಿ ಗಾಡಿ, ಅಂದರೆ ಗೇರ್‌ಗಳ ಬದಲು ಬೆಲ್ಟು ಓಡುವ ಆಟೋಮ್ಯಾಟಿಕ್. ಸಣ್ಣ ಲೀಕ್ ಇತ್ತು, ಬಾಕ್ಸಿನ ತಳದ ತಟ್ಟೆಯ (ಪ್ಯಾನ್) ಗ್ಯಾಸ್ಕೆಟ್ ಹತ್ತಿರ. ನಮ್ಮ ಮನೆಯವರೇ ಬೋಲ್ಟ್ ಬಿಗಿ ಮಾಡಿದರು, ಲೀಕ್ ನಿಂತಿತು. ಕಡಿಮೆಯಾದಷ್ಟು ತುಂಬಿಸೋಣ ಅಂತ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಗೆ ಹೋದೆ. "ಆಟೋಮ್ಯಾಟಿಕ್ ಆಯಿಲ್ ಕೊಡಿ" ಅಂದೆ. ಸಾದಾ ಎಟಿಎಫ್, ಅಂದರೆ ಗೇರ್ ಇರುವ ಆಟೋಮ್ಯಾಟಿಕ್‌ಗೆ ಹಾಕುವ ಆಯಿಲ್, ಕೊಟ್ಟರು. ಒಂದು ಲೀಟರ್ ಹಾಕಿದೆವು. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಎರಡು ಪುಲ್ಲಿಗಳ ನಡುವೆ ಹಿಡಿತದಿಂದಲೇ ಓಡಬೇಕು. ಆ ಹಿಡಿತ ಕೊಡುವ ಆಯಿಲೇ ಬೇರೆ. ಮೂರು ತಿಂಗಳಿಗೆ ಸಿಗ್ನಲ್‌ನಲ್ಲಿ ಹೊರಟರೆ ಗಾಡಿ ನಡುಗಲು ಶುರುವಾಯಿತು. ಆರನೇ ತಿಂಗಳು ಹೊಸೂರು ರಸ್ತೆಯ ಫ್ಲೈಓವರ್ ಮೇಲೆ ನಿಂತೇ ಹೋಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು.

ಟೋ ಮಾಡಿಸಿದ್ದಕ್ಕೆ 3,500. ಬಿಚ್ಚಿ ನೋಡುವುದಕ್ಕೇ 9,000. ರೀಕಂಡಿಷನ್ ಬಾಕ್ಸ್, ಸರಿಯಾದ ಆಯಿಲ್, ಕೂಲಿ ಸೇರಿ 99,500. ಗಾಡಿ ಒಂದು ತಿಂಗಳು ಇಲ್ಲ. ದಿನಾ ಆಟೋಗೆ ಕೊಟ್ಟದ್ದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಆಯಿಲ್ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಅದು ಡ್ಯಾಶ್‌ಬೋರ್ಡ್ ಒಳಗೇ ಇತ್ತು.

ದಾವಣಗೆರೆ ಡೀಸೆಲ್:
ಅಕ್ಕಾ, ನಿಮಗಾದದ್ದು ಲೀಕ್‌ನಿಂದ ಅಲ್ಲ, ತಪ್ಪು ಆಯಿಲ್‌ನಿಂದ. ಅದನ್ನು ಇಲ್ಲಿ ಹೇಳಿ ಅವರನ್ನು ಯಾಕೆ ಹೆದರಿಸುತ್ತೀರಿ?

ನನ್ನ ಮಾತು ಕೇಳಿ. ನನ್ನದು ಹಿಂದಿನ ಚಕ್ರಕ್ಕೆ ಎಳೆತ ಇರುವ ಡೀಸೆಲ್ ಗಾಡಿ. ಕಬ್ಬಿನ ಗದ್ದೆ, ಕಾಲುವೆ ಏರಿ, ಎಲ್ಲ ಕಡೆ ಓಡುತ್ತದೆ. ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಗೂಡು, ಅದರ ಪಿನಿಯನ್ ಶಾಫ್ಟಿನ ಸೀಲ್ ಲೀಕ್. ಒಂದೇ ವರ್ಷದಲ್ಲಿ ಮೂರು ಸಲ ಸೀಲ್ ಬದಲಿಸಿದೆ. ಮೂರೂ ಸಲ ಬೇರೆ ಬೇರೆ ಮೇಸ್ತ್ರಿ. ಪ್ರತಿ ಸಲ ಆಯಿಲ್, ಕೂಲಿ ಸೇರಿ 2,200 ರಿಂದ 2,600. ಎರಡು ತಿಂಗಳಿಗೆ ಮತ್ತೆ ಅದೇ ಕಥೆ.

ಕೊನೆಗೆ ನಾನೇ ಕೆಳಗೆ ಮಲಗಿ ನೋಡಿದೆ. ಹೌಸಿಂಗ್ ಮೇಲೆ ಗಾಳಿ ಆಡಲು ಒಂದು ಬ್ರೀದರ್ ಇರುತ್ತದೆ, ಗೋಲಿಯಷ್ಟು. ಅದರ ತುಂಬ ಕೆಸರು ಕಟ್ಟಿ ಕಲ್ಲಾಗಿತ್ತು. ಆಯಿಲ್ ಬಿಸಿಯಾದರೆ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ ಅಂದರೆ ಸೀಲಿನ ಸಂದಿಯಿಂದ ಆಯಿಲನ್ನೇ ತಳ್ಳುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಆಡಿಸಿದೆ. ಖರ್ಚು ಸೊನ್ನೆ. ಈಗ ನಾಲ್ಕು ವರ್ಷ ಆಯಿತು. ಆ ಮೂರು ಮೇಸ್ತ್ರಿಗಳಲ್ಲಿ ಒಬ್ಬರೂ ಅದನ್ನು ಮುಟ್ಟಿ ನೋಡಿರಲಿಲ್ಲ. ಗೇರ್ ಬಾಕ್ಸಿಗೂ ಬ್ರೀದರ್ ಇರುತ್ತದೆ, ಮೊದಲು ಅದನ್ನು ನೋಡಿ.

ಮಿಷಿಗನ್ ಕನ್ನಡಿಗ:
ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಗಾಡಿ ಕೆಳಗಿನ ಉಕ್ಕಿನ ಪೈಪೆಲ್ಲ ತುಕ್ಕು ಹಿಡಿಯುತ್ತದೆ. ನನ್ನ ಆಟೋಮ್ಯಾಟಿಕ್‌ನಲ್ಲಿ ಆಯಿಲ್ ತಣ್ಣಗಾಗಲು ಬಾಕ್ಸಿನಿಂದ ರೇಡಿಯೇಟರಿಗೆ ಹೋಗುವ ಕೂಲರ್ ಪೈಪ್ ತೂತಾಗಿತ್ತು. ಆಯಿಲ್ ಬೀಳುತ್ತಿದ್ದದ್ದು ಮಾತ್ರ ಬಾಕ್ಸಿನ ನೇರ ಕೆಳಗೆ. ಓಡುವಾಗ ಗಾಳಿ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಹನಿ ಬಿದ್ದ ಜಾಗ ನಂಬುವಂತಿಲ್ಲ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಒದ್ದೆ ಇದೆಯೋ ಅಲ್ಲಿಂದ ಹುಡುಕಬೇಕು. ನಾನು ಡೀಗ್ರೀಸರ್ ಹಾಕಿ ತೊಳೆದು, ಒಣಗಿಸಿ, ಮಗುವಿನ ಪೌಡರ್ ಉದುರಿಸಿ ಹತ್ತು ನಿಮಿಷ ಇಂಜಿನ್ ಓಡಿಸಿದೆ. ಬಿಳಿ ಪೌಡರ್ ಮೇಲೆ ಕೆಂಪು ಗೆರೆ ಎದ್ದು ಕಂಡಿತು.

ಆಮೇಲೆ ದುಡುಕಿದೆ. ತೂತಾದ ಕಡೆ ಪೈಪ್ ಕತ್ತರಿಸಿ ಸಾದಾ ರಬ್ಬರ್ ಪೈಪ್ ಸಿಕ್ಕಿಸಿದೆ. ಬಿಸಿ ಆಯಿಲ್‌ಗೆ ಅದು ಉಬ್ಬಿ ಮೆತ್ತಗಾಗಿ ಐದನೇ ದಿನ ಹೆದ್ದಾರಿಯಲ್ಲಿ ಕಳಚಿಕೊಂಡಿತು. ಆಟೋಮ್ಯಾಟಿಕ್ ಆಯಿಲ್ ತಡೆಯುವ ಪೈಪೇ ಬೇಕು. ಎರಡೂ ಪೈಪ್ ಹೊಸದು ಹಾಕಿದೆ, 140 ಡಾಲರ್. ಚೆಲ್ಲಿದ ಆಯಿಲ್ 70.

ದಾವಣಗೆರೆ ಡೀಸೆಲ್:
ಶಿವಮೊಗ್ಗದಲ್ಲಿ ರಸ್ತೆಗೆ ಯಾರು ಉಪ್ಪು ಹಾಕುತ್ತಾರೆ ಸ್ವಾಮಿ?

ಮಿಷಿಗನ್ ಕನ್ನಡಿಗ:
ನಾನು ಉಪ್ಪಿನ ಬಗ್ಗೆ ಹೇಳಿದ್ದಲ್ಲ, ಹುಡುಕುವ ಬಗೆ ಹೇಳಿದ್ದು. ಪೂರ್ತಿ ಓದಿ. ಶಿವಮೊಗ್ಗದಲ್ಲಿ ಕಬ್ಬಿನ ಗದ್ದೆಯಲ್ಲಿ ಸೆಡಾನ್ ಓಡಿಸುವವರೂ ಇಲ್ಲ.

ಕುಂದಾಪುರ ವರ್ಕ್‌ಶಾಪ್:
ಬೇರೆಲ್ಲ ಇರಲಿ. ಸಕಲೇಶಪುರದವರೇ, ಸೈಜುಗಲ್ಲು ಕೊಟ್ಟರೆ ಸಾಕು ಎಂಬ ನಿಮ್ಮ ಸಾಲನ್ನು ದಯವಿಟ್ಟು ಅಳಿಸಿ. ನನ್ನ ಭಾವ ಕೆಂಪುಕಲ್ಲಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಿದ್ದರು. ಆಕ್ಸಲ್ ನಟ್ ಎಳೆಯುವಾಗ ಗಾಡಿ ಒಮ್ಮೆ ಅಲ್ಲಾಡಿತು. ಕಲ್ಲು ಸೀಳಿತು. ಕಲ್ಲು ಬಗ್ಗುವುದಿಲ್ಲ, ಸೂಚನೆ ಕೊಡುವುದಿಲ್ಲ. ಬಲಗೈ ಮೂರು ಕಡೆ ಮುರಿಯಿತು, ಎರಡು ಆಪರೇಷನ್, ಪ್ಲೇಟ್ ಹಾಕಿದ್ದಾರೆ. ಹನ್ನೊಂದು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಗಾಡಿ ಹೊರುವ ಉಕ್ಕಿನ ಜಾಕ್ ಸ್ಟ್ಯಾಂಡ್ ಜೋಡಿಗೆ ಎರಡು ಸಾವಿರದ ಆಸುಪಾಸು. ಕೈಗೆ ಎಷ್ಟು?

ಸಕಲೇಶಪುರದವನು:
ನಿಮ್ಮ ಭಾವನಿಗೆ ಹಾಗಾದದ್ದು ಬೇಸರದ ವಿಷಯ. ಆದರೆ ನಾನು ಹೇಳಿದ್ದು ಗ್ರಾನೈಟ್ ಸೈಜುಗಲ್ಲು, ಕೆಂಪುಕಲ್ಲಲ್ಲ. ಮೇಲೆ ಮರದ ಹಲಗೆ ಕೊಟ್ಟಿದ್ದೆ. ಕಳಚಿದ ಚಕ್ರವನ್ನೂ ಕೆಳಗೆ ತಳ್ಳಿದ್ದೆ. ಇಪ್ಪತ್ತು ವರ್ಷದಿಂದ ತೋಟದ ಜೀಪಿಗೆ ಹೀಗೇ ಮಾಡುತ್ತಿದ್ದೇವೆ.

ಕುಂದಾಪುರ ವರ್ಕ್‌ಶಾಪ್:
ಭಾವನೂ ಹದಿನೆಂಟು ವರ್ಷ ಹಾಗೇ ಮಾಡಿದ್ದರು.

ಶಿವಮೊಗ್ಗ ಸೆಡಾನ್:
ಎಲ್ಲರಿಗೂ ಧನ್ಯವಾದ. ಸ್ಟ್ಯಾಂಡ್ ತರಿಸಿದೆ. ಇನ್ನೂ ಏನೂ ಬಿಚ್ಚಿಲ್ಲ. ರಾತ್ರಿ ರಟ್ಟು ಹಾಸಿ, ಬೆಳಿಗ್ಗೆ ತೊಳೆದು ಪೌಡರ್ ಹಾಕಿ ನೋಡಿದೆ. ಬಾಕ್ಸ್ ಒಣಗಿದೆ. ರೇಡಿಯೇಟರ್ ಕೆಳಭಾಗಕ್ಕೆ ಬರುವ ಎರಡು ರಬ್ಬರ್ ಪೈಪಿನಲ್ಲಿ ಒಂದರ ತುದಿ ಒದ್ದೆ. ಮುಟ್ಟಿದರೆ ಪೈಪ್ ಕಟ್ಟಿಗೆಯ ಹಾಗೆ ಗಟ್ಟಿ. ಪವರ್ ಸ್ಟೀರಿಂಗ್ ಆಯಿಲ್ ಕೂಡ ಕೆಂಪೇ ಇದೆ, ಅದರ ಡಬ್ಬಿಯ ಮಟ್ಟ ಇಳಿದಿಲ್ಲ. ಹಾಗಾದರೆ ಇದು ಕೂಲರ್ ಪೈಪೇ ಅಲ್ವಾ? ಹಳೆಯ ಸ್ಪ್ರಿಂಗ್ ಕ್ಲಿಪ್ ಮತ್ತೆ ಹಾಕಬಹುದಾ, ತಿರುಪಿನ ಕ್ಲಿಪ್ ಬೇಕಾ?

ಬೆಂಗಳೂರು ದಕ್ಷಿಣ:
ಪೈಪ್ ಹಾಕಿದ ಮೇಲೆ ಯಾವ ಆಯಿಲ್ ತುಂಬುತ್ತೀರಿ ಅಂತ ಮೊದಲು ಪುಸ್ತಕ ತೆಗೆದು ನೋಡಿ. ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು, ಜಾಸ್ತಿಯಾದರೆ ನೊರೆ ಬರುತ್ತದೆ. ನಿಮ್ಮದರಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಇದೆಯಾ? ಇಲ್ಲದಿದ್ದರೆ ಆಯಿಲ್ ಎಷ್ಟು ಬಿಸಿ ಇರುವಾಗ ಮಟ್ಟ ನೋಡಬೇಕು ಅಂತಲೂ ಪುಸ್ತಕ ಹೇಳುತ್ತದೆ. ನಾನು ಆ ಪುಸ್ತಕ ತೆರೆಯಲಿಲ್ಲ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ತೀರ್ಥಹಳ್ಳಿ ತೋಟ:
ಸಕಲೇಶಪುರದವರಿಗೆ ಒಂದು ಪ್ರಶ್ನೆ. ಎರಡನೇ ಸಲ ಇಳಿಸಿದ್ದು ಹದಿನೈದು ದಿನದ ಆಯಿಲ್. ಶುದ್ಧವಾಗಿಯೇ ಇರುತ್ತದೆ. ಬಟ್ಟೆಯಲ್ಲಿ ಸೋಸಿ ಮತ್ತೆ ಹಾಕದೆ 1,450 ಯಾಕೆ ಕಳೆದಿರಿ? ಆ ಆಯಿಲ್ ಏನು ಮಾಡಿದಿರಿ?

ಸಕಲೇಶಪುರದವನು:
ಇಳಿಸಿದ ಬಾಂಡ್ಲಿಯಲ್ಲಿ ಮಣ್ಣಿತ್ತು. ಮಣ್ಣು ಸೋಸಿದ ಆಯಿಲ್ ಬೇರಿಂಗಿಗೆ ಹಾಕುವ ಧೈರ್ಯ ನನಗಿಲ್ಲ. ಎರಡೂ ಸಲದ್ದು ಬೇಲಿ ಗೂಟಗಳ ಬುಡಕ್ಕೆ ಸುರಿದೆ. ಗೆದ್ದಲು ಬರುವುದಿಲ್ಲ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು.

ತೀರ್ಥಹಳ್ಳಿ ತೋಟ:
ಎಲ್ಲರೂ ಮಾಡುತ್ತಾರೆ ಅಂತಲೇ ನಮ್ಮ ಬಾವಿ ಹೋಯಿತು. ಮೇಲಿನ ಮನೆಯವರು ಟ್ರ್ಯಾಕ್ಟರ್ ಆಯಿಲ್ ಗೂಟಕ್ಕೆ ಸುರಿಯುತ್ತಿದ್ದರು. ಜೂನ್ ಮಳೆಗೆ ಬಾವಿಯಿಂದ ಸೇದಿದ ಕೊಡದ ನೀರಿನ ಮೇಲೆ ಬಣ್ಣದ ಪೊರೆ. ಎರಡು ಸಲ ಬಾವಿ ಬರಿದು ಮಾಡಿಸಿದೆವು, ಒಂದು ಸಲಕ್ಕೆ 6,000. ಎರಡು ವರ್ಷ ಕುಡಿಯುವ ನೀರು ಪಕ್ಕದ ಮನೆಯಿಂದ ಹೊತ್ತೆವು. ಗುಜರಿಯವರು ಹಳೆ ಆಯಿಲನ್ನು ಕ್ಯಾನ್ ಸಮೇತ ಒಯ್ಯುತ್ತಾರೆ, ದುಡ್ಡನ್ನೂ ಕೊಡುತ್ತಾರೆ. ನಿಮ್ಮ ಬೇಲಿಯಿಂದ ಬಾವಿ ಎಷ್ಟು ದೂರ?

ಸಕಲೇಶಪುರದವನು:
ನನ್ನ ಬಾವಿ ನಲವತ್ತು ಅಡಿ ದೂರ ಇದೆ. ಅದೂ ಮೇಲುಗಡೆ. ಬೇಲಿ ಕೆಳಗಡೆ. ಏನೂ ಆಗಿಲ್ಲ.

ತೀರ್ಥಹಳ್ಳಿ ತೋಟ:
ಬೇಲಿಯಿಂದ ಕೆಳಗೆ ಯಾರ ಬಾವಿ ಇದೆ?